ಟಕ್ ಟಕ್ ಅನ್ನುವ ಸ್ಟೆಬಿಲೈಜರ್, ಬೇಗ ಕೈಕೊಡುವ ಇನ್ವರ್ಟರ್: ದೋಷ ಹುಡುಕುವುದು ಹೇಗೆ?

ರಿಪೇರಿಗೆ ಬರುವ ಸ್ಟೆಬಿಲೈಜರ್, ಇನ್ವರ್ಟರ್‌ಗಳಲ್ಲಿ ಎಷ್ಟೋ ಪೆಟ್ಟಿಗೆಗಳಿಗೆ ಏನೂ ಆಗಿರುವುದಿಲ್ಲ. ತೊಂದರೆ ಇರುವುದು ಕಂಬದಿಂದ ಮನೆಗೆ ಎಳೆದ ವೈರಿನಲ್ಲಿ, ಮೀಟರ್ ಬೋರ್ಡಿನ ಲೂಸ್ ಸ್ಕ್ರೂನಲ್ಲಿ, ಇಲ್ಲವೇ ಬ್ಯಾಟರಿ ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿಯಲ್ಲಿ. ಹೊಸ ಪೆಟ್ಟಿಗೆ ತಂದರೂ ವಾರದೊಳಗೆ ಅದೇ ಕತೆ. ಹಾಗಾಗಿ ಇಲ್ಲಿ ಪೆಟ್ಟಿಗೆ ಬಿಚ್ಚುವ ಮಾತು ಕಡಿಮೆ, ವೋಲ್ಟ್ ಅಳೆಯುವ ಮಾತು ಜಾಸ್ತಿ. ವೋಲ್ಟೇಜ್ ಎಲ್ಲಿಯವರೆಗೆ ಸರಿಯಾಗಿ ಬಂದಿದೆ, ಎಲ್ಲಿಂದ ಕೆಟ್ಟಿದೆ ಅಂತ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬೇಕಾಗುವ ಸಾಮಾನು ಮೂರೇ. ಒಂದು ಡಿಜಿಟಲ್ ಮಲ್ಟಿಮೀಟರ್, ಲೋಡ್ ಕೊಡಲು ಒಂದು ಇಸ್ತ್ರಿ ಪೆಟ್ಟಿಗೆ, ಬ್ಯಾಟರಿಯ ಆ್ಯಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯಲು ಒಂದು ಹೈಡ್ರೋಮೀಟರ್. ಸ್ಕ್ರೂಡ್ರೈವರ್ ಟೆಸ್ಟರ್ ಇದ್ದರೆ ಇರಲಿ, ಅದನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಅದರೊಳಗಿನ ನಿಯಾನ್ ದೀಪ 230 ವೋಲ್ಟಿಗೂ ಉರಿಯುತ್ತದೆ, 120 ವೋಲ್ಟಿಗೂ ಉರಿಯುತ್ತದೆ. ನ್ಯೂಟ್ರಲ್ ಕಡಿದಿದ್ದು, ಯಾವುದಾದರೂ ಬಲ್ಬ್ ಆನ್ ಆಗಿದ್ದರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಉರಿದು ತಲೆ ಕೆಡಿಸುತ್ತದೆ.

ಮೀಟರ್ ಬೋರ್ಡಿನ ಕವರ್ ಬಿಚ್ಚಿ ಅಳೆಯುವ ಅಭ್ಯಾಸ ಇಲ್ಲದವರು ಆ ಭಾಗವನ್ನು ವೈರ್‌ಮನ್ ಕೈಲೇ ಮಾಡಿಸಿ. ಸಾಕೆಟ್ಟಿನಲ್ಲಿ ಅಳೆಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಮೀಟರನ್ನು ಎಸಿ 600 ಅಥವಾ 750 ವೋಲ್ಟಿನ ಜಾಗದಲ್ಲಿ ಇಟ್ಟೇ ಪ್ರೋಬ್ ತೂರಿಸಿ. ಆಂಪಿಯರ್ ತೂತಿನಲ್ಲಿ ಪ್ರೋಬ್ ಸಿಕ್ಕಿಸಿ ಸಾಕೆಟ್ಟಿಗೆ ಹಾಕಿದರೆ ಅದು ನೇರ ಶಾರ್ಟ್.

ಮೊದಲು ಲೈನ್

ನಮ್ಮಲ್ಲಿ ಮನೆಗೆ ಬರಬೇಕಾದ್ದು 230 ವೋಲ್ಟ್. 210ರಿಂದ 250ರ ಒಳಗೆ ಇದ್ದರೆ ಹೆಚ್ಚಿನ ಉಪಕರಣಗಳಿಗೆ ತಕರಾರಿಲ್ಲ. ಆದರೆ ಒಂದೇ ಸಲ ಅಳೆದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಒಮ್ಮೆ, ಸಂಜೆ ಏಳರ ಸುಮಾರಿಗೆ ಒಮ್ಮೆ, ಮಧ್ಯರಾತ್ರಿ ಕಳೆದ ಮೇಲೆ ಒಮ್ಮೆ ಅಳೆದು ಬರೆದಿಡಿ. ತೋಟದ ಮನೆಗಳಲ್ಲಿ ಈ ಮೂರು ಅಂಕಿ ಮೂರು ಬೇರೆ ಊರಿನವು ಅನ್ನಿಸುವಷ್ಟು ದೂರ ಇರುತ್ತವೆ. ಮೋಟರ್ ಓಡುವಾಗ 160, ಎಲ್ಲರೂ ಮಲಗಿದ ಮೇಲೆ 255. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು ಮತ್ತು ಪಂಪ್‌ಸೆಟ್ ಲೈನು ಬೇರೆ ಆದ ಕಡೆ ಈ ಏರಿಳಿತ ಕಡಿಮೆ. ಊರಾಚೆ ತೋಟದಲ್ಲಿರುವ ಮನೆಗಳು ಎಷ್ಟೋ ಕಡೆ ಇನ್ನೂ ಪಂಪ್‌ಸೆಟ್ ಲೈನಿನಲ್ಲೇ ಇವೆ.

ಈಗ ಮುಖ್ಯವಾದ ಪರೀಕ್ಷೆ. ಲೋಡ್ ಇಲ್ಲದೆ ಅಳೆದ ವೋಲ್ಟೇಜ್ ಸುಳ್ಳು ಹೇಳುತ್ತದೆ. ಕೂದಲಷ್ಟು ಸಂಪರ್ಕ ಇದ್ದರೂ ಮೀಟರ್ 230 ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನೋ ಗೀಸರನ್ನೋ ಆನ್ ಮಾಡಿ, ಅದೇ ಲೈನಿನ ಪಕ್ಕದ ಸಾಕೆಟ್ಟಿನಲ್ಲಿ ಅಳೆಯಿರಿ. ಆಫ್ ಇದ್ದಾಗ 225 ಇದ್ದದ್ದು ಆನ್ ಮಾಡಿದಾಗ 220 ಆದರೆ ಪರವಾಗಿಲ್ಲ. 195ಕ್ಕೆ ಬಿದ್ದರೆ 30 ವೋಲ್ಟ್ ದಾರಿಯಲ್ಲೇ ಕರಗಿತು ಅಂತ ಅರ್ಥ.

ಆ 30 ವೋಲ್ಟ್ ಎಲ್ಲಿ ಹೋಯಿತು? ಎರಡು ಕಿಲೋವ್ಯಾಟ್ ಗೀಸರ್ ಆ ಸ್ಥಿತಿಯಲ್ಲಿ 7 ಆಂಪಿಯರಿಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಅದನ್ನು 30ರಿಂದ ಗುಣಿಸಿ. 200 ವ್ಯಾಟಿಗಿಂತ ಜಾಸ್ತಿ ಶಾಖ ವೈರಿನ ಉದ್ದಕ್ಕೂ ಹಂಚಿಹೋಗುತ್ತಿದೆ, ಇಲ್ಲವೇ ಒಂದೇ ಲೂಸ್ ಜಾಯಿಂಟಿನಲ್ಲಿ ಸುಡುತ್ತಿದೆ. ಹಂಚಿಹೋದರೆ ಕರೆಂಟ್ ನಷ್ಟ. ಒಂದೇ ಕಡೆ ಸುಟ್ಟರೆ ಬೆಂಕಿ.

ದೋಷ ಮನೆಯೊಳಗೋ ಹೊರಗೋ ಅಂತ ತಿಳಿಯಲು ಅದೇ ಲೋಡ್ ಇಟ್ಟುಕೊಂಡು ಮೀಟರ್ ಬೋರ್ಡಿನಲ್ಲಿ ಅಳೆಯಬೇಕು. ಬೋರ್ಡಿನಲ್ಲಿ 222, ಸಾಕೆಟ್ಟಿನಲ್ಲಿ 195 ಇದ್ದರೆ ದೋಷ ಮನೆಯೊಳಗಿದೆ. ಮೇನ್ ಸ್ವಿಚ್, ಫ್ಯೂಸ್ ಹಿಡಿ, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಸ್ಕ್ರೂ, ಸ್ವಿಚ್ ಬೋರ್ಡ್ ಅಂತ ಒಂದೊಂದೇ ದಾಟುತ್ತಾ ಹೋದರೆ ಯಾವುದೋ ಒಂದು ಕಡೆ ಅಂಕಿ ದಿಢೀರನೆ ಬೀಳುತ್ತದೆ. ಮೇನ್ ಆಫ್ ಮಾಡಿದ ಕೂಡಲೇ ಅಲ್ಲಿ ಕೈಯಿಟ್ಟರೆ ಬಿಸಿ ಇರುತ್ತದೆ, ಪ್ಲಾಸ್ಟಿಕ್ ಕಂದಾಗಿರುತ್ತದೆ. ಅಲ್ಯೂಮಿನಿಯಂ ವೈರನ್ನು ತಾಮ್ರದ ವೈರಿಗೆ ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಮೊದಲು ಅದನ್ನೇ ಅನುಮಾನಿಸಿ.

ಬೋರ್ಡಿನಲ್ಲೂ 195 ಇದ್ದರೆ ದೋಷ ಹೊರಗಿದೆ. ಕಂಬದಿಂದ ಮನೆ ನೂರು ಮೀಟರ್ ದೂರ ಇದ್ದು 2.5 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಸರ್ವಿಸ್ ವೈರ್ ಎಳೆದಿದ್ದಾರೆ ಅಂದುಕೊಳ್ಳಿ. ಹೋಗಿ ಬರುವ ಎರಡು ವೈರಿನ ರೆಸಿಸ್ಟೆನ್ಸ್ ಸುಮಾರು 2.4 ಓಮ್. 10 ಆಂಪಿಯರ್ ಎಳೆದರೆ 24 ವೋಲ್ಟ್ ಅಲ್ಲೇ ಖಾಲಿ. ಇದಕ್ಕೆ ಮದ್ದು ದಪ್ಪ ವೈರ್, ಸ್ಟೆಬಿಲೈಜರ್ ಅಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಸ್ಟೆಬಿಲೈಜರ್ ವೋಲ್ಟೇಜನ್ನು ಹುಟ್ಟಿಸುವುದಿಲ್ಲ. 150 ವೋಲ್ಟ್ ಬಂದಾಗ ಅದನ್ನು 230 ಮಾಡಿ ಕೊಡಬೇಕಾದರೆ ಲೈನಿನಿಂದ ಜಾಸ್ತಿ ಕರೆಂಟ್ ಎಳೆಯಬೇಕು. 1000 ವ್ಯಾಟ್ ಲೋಡಿಗೆ 230 ವೋಲ್ಟಿನಲ್ಲಿ 4.3 ಆಂಪಿಯರ್ ಸಾಕು. 150ರಲ್ಲಿ 6.7 ಬೇಕು, ಸ್ಟೆಬಿಲೈಜರಿನ ನಷ್ಟ ಬೇರೆ. ಆ ಹೆಚ್ಚುವರಿ ಕರೆಂಟ್ ಅದೇ ಸಣ್ಣ ವೈರಿನಲ್ಲಿ ಬಂದು ವೋಲ್ಟೇಜನ್ನು ಇನ್ನೂ ಇಳಿಸುತ್ತದೆ. ಒಂದೇ ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರ್) ಕೆಳಗಿನ ಮನೆಗಳೆಲ್ಲ ದೊಡ್ಡ ಸ್ಟೆಬಿಲೈಜರ್ ಇಟ್ಟರೆ ಕೊನೆಯ ಕಂಬದ ಮನೆಯವರ ಗತಿ ಏನು ಅಂತ ಊಹಿಸಿಕೊಳ್ಳಿ.

ನ್ಯೂಟ್ರಲ್ ಕೈಕೊಟ್ಟಾಗ

ಉಪಕರಣ ಸುಡುವ ಕೇಸುಗಳಲ್ಲಿ ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ. ಟಿಸಿಯಿಂದ ಮೂರು ಫೇಸ್, ಒಂದು ನ್ಯೂಟ್ರಲ್ ಬರುತ್ತವೆ. ಬೀದಿಯ ಮನೆಗಳು ಬೇರೆ ಬೇರೆ ಫೇಸಿನಲ್ಲಿದ್ದರೂ ನ್ಯೂಟ್ರಲ್ ಎಲ್ಲರಿಗೂ ಒಂದೇ. ಅದು ಕಂಬದ ಮೇಲೆ ಎಲ್ಲೋ ಸಡಿಲವಾದರೆ, ಜಾಸ್ತಿ ಲೋಡ್ ಇರುವ ಫೇಸಿನ ಮನೆಗಳಿಗೆ ವೋಲ್ಟೇಜ್ ಇಳಿಯುತ್ತದೆ, ಕಡಿಮೆ ಲೋಡ್ ಇರುವ ಫೇಸಿನ ಮನೆಗಳಿಗೆ ಏರುತ್ತದೆ. ಪೂರ್ತಿ ಕಡಿದರೆ 300 ದಾಟಿ 400ರ ಹತ್ತಿರಕ್ಕೂ ಹೋಗಬಹುದು, ಯಾಕೆಂದರೆ ಎರಡು ಫೇಸುಗಳ ನಡುವೆ ಇರುವುದೇ ಅಷ್ಟು.

ಗುರುತು ಹೀಗಿರುತ್ತದೆ. ನಿಮ್ಮ ಮನೆಯಲ್ಲಿ ಏನೂ ಮುಟ್ಟದಿದ್ದರೂ ಬಲ್ಬ್ ಒಮ್ಮೆ ಪ್ರಖರ, ಒಮ್ಮೆ ಮಂದ. ಪಕ್ಕದ ಮನೆಯವರು ಮೋಟರ್ ಹಾಕಿದರೆ ನಿಮ್ಮ ಮನೆಯ ಫ್ಯಾನ್ ಜೋರಾಗಿ ತಿರುಗುತ್ತದೆ. ಮನೆಗೇ ತ್ರೀ ಫೇಸ್ ಇದ್ದರೆ ಪರೀಕ್ಷೆ ಸುಲಭ. ಒಂದು ಫೇಸಿಗೆ ಗೀಸರ್ ಹಾಕಿ ಉಳಿದ ಎರಡನ್ನು ಅಳೆಯಿರಿ. ಅವು ಗಮನಕ್ಕೆ ಬರುವಷ್ಟು ಮೇಲೇರಿದರೆ ನ್ಯೂಟ್ರಲ್ ಲೂಸ್ ಆಗಿದೆ. ಸಿಂಗಲ್ ಫೇಸ್ ಮನೆಯಲ್ಲಿ ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ. ಅರ್ಥಿಂಗ್ ಸರಿ ಇದ್ದರೆ ಎರಡು ಮೂರು ವೋಲ್ಟ್ ಇರಬೇಕು. ಲೋಡ್ ಹಾಕಿದಾಗ 20, 30 ಅಂತ ಏರಿದರೆ ಮೊದಲು ನಿಮ್ಮ ಸರ್ವಿಸ್ ನ್ಯೂಟ್ರಲ್ ನೋಡಿ, ಆಮೇಲೆ ಕಂಬದ್ದು. ಒಂದು ಎಚ್ಚರಿಕೆ: ಅರ್ಥಿಂಗ್ ಗುಂಡಿ ಒಣಗಿದ್ದರೆ ಈ ಅಂಕಿಗೆ ಬೆಲೆ ಇಲ್ಲ. ಬೇಸಿಗೆಯಲ್ಲಿ ಗುಂಡಿಗೆ ಒಂದೆರಡು ಬಕೆಟ್ ನೀರು ಹಾಕಿ ಮತ್ತೆ ಅಳೆಯಿರಿ.

ಇಂಥ ಹೊತ್ತಿನಲ್ಲಿ ಮೇನ್ ಆಫ್ ಮಾಡಿ ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡುವುದೇ ಸರಿ. ಸಾಮಾನ್ಯ ಸ್ಟೆಬಿಲೈಜರ್ 280, 300 ವೋಲ್ಟಿನವರೆಗೆ ತಡೆದುಕೊಂಡು ಕಟ್ ಮಾಡುವಂತೆ ಮಾಡಿದ್ದು. 400 ಬಂದರೆ ಅದೇ ಮೊದಲು ಹೋಗುತ್ತದೆ. ನಮ್ಮ ಲೈನಿಗೆ ಈ ಕಾಟ ಪದೇ ಪದೇ ಇದೆ ಅನ್ನುವವರು ಮೀಟರ್ ಬೋರ್ಡಿನ ಹತ್ತಿರ ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್ ಕಟ್ ಮಾಡುವ ಪ್ರೊಟೆಕ್ಟರ್ ಹಾಕಿಸಿ. ಪ್ರತಿ ರೂಮಿಗೆ ಒಂದು ಸ್ಟೆಬಿಲೈಜರ್ ಇಡುವುದಕ್ಕಿಂತ ಅದು ಒಳ್ಳೆಯ ಖರ್ಚು ಅಂತ ನನ್ನ ಅಭಿಪ್ರಾಯ.

ಸಿಡಿಲಿನ ವಿಷಯ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸ್ಟೆಬಿಲೈಜರ್ ಅಡ್ಡ ನಿಲ್ಲುವುದಿಲ್ಲ, ಪ್ಲಗ್ ಕಿತ್ತಿಡಬೇಕು. ಸರ್ಜ್ ಪ್ರೊಟೆಕ್ಟರ್ ಇದ್ದರೂ ಅರ್ಥಿಂಗ್ ಇಲ್ಲದಿದ್ದರೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ. ಒಳಗಿನ ಎಂಒವಿ (ಹೆಚ್ಚುವರಿ ವೋಲ್ಟೇಜನ್ನು ನುಂಗುವ ಬಿಲ್ಲೆ) ಒಂದೆರಡು ದೊಡ್ಡ ಹೊಡೆತಕ್ಕೆ ಸೋತಿರುತ್ತದೆ. ಸೂಚನೆಯ ದೀಪ ಆರಿದ್ದರೆ ಬದಲಿಸಿ.

ಸ್ಟೆಬಿಲೈಜರ್

ಲೈನ್ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಪೆಟ್ಟಿಗೆಯ ಕಡೆ ಬನ್ನಿ. ಮನೆಗಳಲ್ಲಿ ಹೆಚ್ಚಾಗಿ ಇರುವುದು ರಿಲೇ ಸ್ಟೆಬಿಲೈಜರ್. ಒಳಗೆ ಹಲವು ಟ್ಯಾಪ್ (ಸುರುಳಿಯ ನಡುನಡುವೆ ಹೊರತೆಗೆದ ವೈರ್) ಇರುವ ಒಂದು ಟ್ರಾನ್ಸ್‌ಫಾರ್ಮರ್, ಟ್ಯಾಪ್ ಬದಲಿಸುವ ರಿಲೇಗಳು, ಅವಕ್ಕೆ ಹೇಳುವ ಸಣ್ಣ ಸರ್ಕ್ಯೂಟ್. ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದರಿಂದ ಔಟ್‌ಪುಟ್ ಸರಿಯಾಗಿ 230 ಬರುವುದಿಲ್ಲ. 208 ಬಂದರೂ 245 ಬಂದರೂ ಅದು ದೋಷವಲ್ಲ. ಹತ್ತಿಪ್ಪತ್ತು ವೋಲ್ಟಿನ ವ್ಯತ್ಯಾಸವೂ ಬೇಡ ಅನ್ನುವ ಯಂತ್ರಕ್ಕೆ ಸರ್ವೋ ಸ್ಟೆಬಿಲೈಜರ್ ಬೇಕು.

ಇನ್‌ಪುಟ್, ಔಟ್‌ಪುಟ್ ಎರಡನ್ನೂ ಒಟ್ಟಿಗೆ ಅಳೆಯಿರಿ. ಮುಂದಿನ ಫಲಕದ ಅಂಕಿಯನ್ನು ನೆಚ್ಚಬೇಡಿ, ಮೀಟರಿನಲ್ಲೇ ನೋಡಿ.

ಇನ್‌ಪುಟ್ 215, ಔಟ್‌ಪುಟ್ ಸೊನ್ನೆ. ಗಾಬರಿ ಬೇಡ, ಮೂರು ನಿಮಿಷ ಕಾಯಿರಿ. ಫ್ರಿಜ್, ಎಸಿಗಳ ಸ್ಟೆಬಿಲೈಜರಿನಲ್ಲಿ ಡಿಲೇ ಇರುತ್ತದೆ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಹೊರಟರೆ ಒಳಗಿನ ಗ್ಯಾಸಿನ ಒತ್ತಡಕ್ಕೆ ಎದುರಾಗಿ ತಿರುಗಬೇಕಾಗುತ್ತದೆ, ಕರೆಂಟ್ ಮಿತಿ ಮೀರುತ್ತದೆ. ಅದನ್ನು ತಪ್ಪಿಸಲೆಂದೇ ಈ ಕಾಯುವಿಕೆ. ಹೊಸ ಸ್ಟೆಬಿಲೈಜರ್ ಸತ್ತಿದೆ ಅಂತ ವಾಪಸ್ ತರುವವರಲ್ಲಿ ಹಲವರು ಇಷ್ಟು ಹೊತ್ತು ಕಾದಿರುವುದಿಲ್ಲ. ಕಾದ ಮೇಲೂ ಬರದಿದ್ದರೆ ಹಿಂದಿನ ಫ್ಯೂಸ್ ನೋಡಿ, ಆಮೇಲೆ ಮೆಕ್ಯಾನಿಕ್.

ಇನ್‌ಪುಟ್ 170, ಔಟ್‌ಪುಟ್ಟೂ 170. ವೋಲ್ಟೇಜ್ ಏರಿಸುವ ಬೂಸ್ಟ್ ರಿಲೇ ಎಳೆಯುತ್ತಿಲ್ಲ, ಇಲ್ಲವೇ ಅದರ ಕಾಂಟ್ಯಾಕ್ಟ್ ಕರಟಿದೆ. ಇದು ನಿಜವಾದ ರಿಪೇರಿ. ರಿಲೇ ಬದಲಿಸುವುದು ಸಣ್ಣ ಕೆಲಸ, ಪೆಟ್ಟಿಗೆ ಎಸೆಯಬೇಕಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್‌ಪುಟ್ 230 ಇದ್ದಾಗ ಔಟ್‌ಪುಟ್ 280 ಬರುವುದು. ಬೂಸ್ಟ್ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಅಂತ ಅರ್ಥ. ಕೂಡಲೇ ತೆಗೆದಿಡಿ.

ಟಕ್ ಟಕ್ ಅಂತ ಬಿಡದೆ ಶಬ್ದ. ಎಲ್ಲರೂ ರಿಲೇಯನ್ನೇ ಬೈಯುತ್ತಾರೆ. ಶಬ್ದ ಬರುವಾಗಲೇ ಇನ್‌ಪುಟ್ ಅಳೆಯಿರಿ. ಕಂಪ್ರೆಸರ್ ಹೊರಟಾಗ ಇನ್‌ಪುಟ್ 185ರಿಂದ 140ಕ್ಕೆ ಕುಸಿದು, ಲೋಡ್ ಬಿಟ್ಟಾಗ ಮತ್ತೆ 185ಕ್ಕೆ ಬಂದರೆ ಸ್ಟೆಬಿಲೈಜರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಲೈನ್ ಬಿದ್ದಾಗ ಟ್ಯಾಪ್ ಏರಿಸುತ್ತದೆ ಅಥವಾ ಕಟ್ ಮಾಡುತ್ತದೆ, ಎದ್ದಾಗ ವಾಪಸ್ ಬರುತ್ತದೆ. ಮತ್ತೆ ವೈರಿನ ಕಡೆಗೇ ಹೋಗಬೇಕು. ಇನ್‌ಪುಟ್ ಅಲುಗಾಡದೆ ನಿಂತಿದ್ದೂ ಶಬ್ದ ಬಂದರೆ ಮಾತ್ರ ದೋಷ ಒಳಗಿನದು. ನಮ್ಮ ಕಡೆ ಮಳೆಗಾಲದಲ್ಲಿ ಇರುವೆ ಗೂಡು ಕಟ್ಟಿದ್ದು, ಹಲ್ಲಿ ಸಿಕ್ಕಿ ಸತ್ತದ್ದು ಕೂಡ ಕಾರಣಗಳ ಪಟ್ಟಿಯಲ್ಲಿದೆ.

ಸರ್ವೋದಲ್ಲಿ ಮೋಟರ್ ಒಂದು ಕಾರ್ಬನ್ ಬ್ರಷ್ಷನ್ನು ಸುರುಳಿಯ ಮೇಲೆ ಓಡಿಸುತ್ತದೆ. ಮೋಟರ್ ಹಿಂದೆ ಮುಂದೆ ಹೊಯ್ದಾಡುತ್ತಲೇ ಇದ್ದರೆ ಬ್ರಷ್ ಸವೆದಿದೆ, ಇಲ್ಲವೇ ಸುರುಳಿಯ ದಾರಿ ಕಪ್ಪಾಗಿದೆ. ಕಿಡಿ ಕಾಣಿಸಿದರೆ ಓಡಿಸಬೇಡಿ.

ಇನ್ನೊಂದು ಮಾತು. ಈಗಿನ ಎಲ್‌ಇಡಿ ಟಿವಿ, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್‌ಗಳಿಗೆ ಸ್ಟೆಬಿಲೈಜರ್ ಬೇಕಾಗಿಲ್ಲ. ಅವುಗಳ ಹಿಂದೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಫ್ರಿಜ್ ಕೊಳ್ಳುವಾಗಲೂ ಆ ಲೇಬಲ್ ಓದಿ. ಇನ್ವರ್ಟರ್ ಕಂಪ್ರೆಸರ್ ಇರುವ ಹಲವು ಮಾಡೆಲ್‌ಗಳು ಕಡಿಮೆ ವೋಲ್ಟಿನಲ್ಲೂ ಓಡುತ್ತವೆ. ದುಡ್ಡು ಉಳಿಯುತ್ತದೆ ಅಲ್ವಾ?

ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿ ಖಾಲಿ

ಇದು ಲೋ ವೋಲ್ಟೇಜ್ ಊರುಗಳ ವಿಶೇಷ ರೋಗ. ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಮೋಡ್. ಯುಪಿಎಸ್ ಮೋಡಿನಲ್ಲಿ ಅದು ಸುಮಾರು 180ರಿಂದ 260 ವೋಲ್ಟ್ ಇದ್ದರೆ ಮಾತ್ರ ಲೈನನ್ನು ಒಪ್ಪುತ್ತದೆ. ಲೈನಿನಲ್ಲಿ 170 ಇದೆ ಅಂದರೆ ಅದರ ಲೆಕ್ಕದಲ್ಲಿ ಕರೆಂಟೇ ಇಲ್ಲ. ಮನೆಯನ್ನು ಬ್ಯಾಟರಿ ಮೇಲೆ ಓಡಿಸುತ್ತದೆ, ಚಾರ್ಜೂ ಮಾಡುವುದಿಲ್ಲ. ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಬರಿದು. ರಾತ್ರಿ ವೋಲ್ಟೇಜ್ 260 ದಾಟುವ ಕಡೆಯೂ ಇದೇ ಆಟ. ನಾರ್ಮಲ್ ಮೋಡಿಗೆ ಹಾಕಿದರೆ ಹೆಚ್ಚಿನ ಮಾಡೆಲ್‌ಗಳು 100ರಿಂದ 290ರವರೆಗೂ ಒಪ್ಪುತ್ತವೆ. ಬದಲಾವಣೆಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುವುದರಿಂದ ಡೆಸ್ಕ್‌ಟಾಪ್ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಅದಕ್ಕೆ ಬೇರೆ ಚಿಕ್ಕ ಯುಪಿಎಸ್ ಇಡಿ.

ಮನೆಯ ಇನ್ವರ್ಟರ್ ವೋಲ್ಟೇಜನ್ನು ತಿದ್ದುವುದಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಲೈನ್ ಇದ್ದಾಗ ಬಂದದ್ದನ್ನು ಬಂದ ಹಾಗೇ ಮುಂದೆ ಬಿಡುತ್ತದೆ. ನಾರ್ಮಲ್ ಮೋಡಿನಲ್ಲಿ 280 ಬಂದರೆ ನಿಮ್ಮ ಫ್ಯಾನಿಗೂ 280. ಲೈನ್ ತೀರಾ ಕೆಟ್ಟಿದ್ದರೆ ಸ್ಟೆಬಿಲೈಜರನ್ನು ಇನ್ವರ್ಟರಿಗಿಂತ ಮೊದಲು ಹಾಕಬೇಕು. ಆಗ ಮನೆಯ ಲೋಡ್ ಜೊತೆಗೆ ಚಾರ್ಜಿಂಗಿನ ಮುನ್ನೂರು ವ್ಯಾಟ್ ಸುಮಾರನ್ನೂ ಸೇರಿಸಿ ಸ್ಟೆಬಿಲೈಜರಿನ ಸಾಮರ್ಥ್ಯ (ಕೆವಿಎ) ಲೆಕ್ಕ ಹಾಕಿ.

ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನ್ ಗುಂಯ್ ಅನ್ನುವುದು ದೋಷವಲ್ಲ. ಅದರ ಔಟ್‌ಪುಟ್ಟನ್ನು ಅಗ್ಗದ ಮೀಟರಿನಲ್ಲಿ ಅಳೆದರೆ ಅಂಕಿ ತಪ್ಪು ಬರುತ್ತದೆ, ಯಾವ ಆಕಾರದ ಅಲೆಯನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು. ಇನ್ವರ್ಟರ್ ಹಾಕಿಸಿದ ದಿನದಿಂದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಮಾಡುವ ಸ್ವಿಚ್) ಬೀಳಲು ಶುರುವಾಗಿದ್ದರೆ ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಬೆರೆತಿರುತ್ತದೆ. ವೈರಿಂಗ್ ಮಾಡಿದವರನ್ನೇ ಕರೆಸಿ.

ಬ್ಯಾಕಪ್ ಬರುತ್ತಿಲ್ಲ

ಮೊದಲು ಎಷ್ಟು ಬರಬೇಕು ಅಂತ ಲೆಕ್ಕ ಹಾಕಿ. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್. ಇನ್ವರ್ಟರಿನ ನಷ್ಟ, ಪೂರ್ತಿ ಖಾಲಿ ಮಾಡಬಾರದ ಭಾಗ ಕಳೆದರೆ ಕೈಗೆ ಸಿಗುವುದು 1100ರ ಆಸುಪಾಸು. 300 ವ್ಯಾಟ್ ಲೋಡಿಗೆ ಮೂರೂವರೆ ಗಂಟೆ. ಮಿಕ್ಸಿ, ಫ್ರಿಜ್ ಎಲ್ಲ ಸೇರಿಸಿಕೊಂಡು ಆರು ಗಂಟೆ ಬರಲಿಲ್ಲ ಅಂದರೆ ಬ್ಯಾಟರಿಯದು ತಪ್ಪಲ್ಲ.

ಲೆಕ್ಕಕ್ಕಿಂತ ತೀರಾ ಕಡಿಮೆ ಬಂದರೆ ಟರ್ಮಿನಲ್ಲಿನಿಂದ ಶುರು ಮಾಡಿ. ಕೈಯಲ್ಲಿನ ಉಂಗುರ, ಬಳೆ, ವಾಚು ತೆಗೆಯಿರಿ. ಹತ್ತಿರ ಬೆಂಕಿ, ಬೀಡಿ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಮನೆಯ ಮೇನ್ ಆಫ್ ಮಾಡಿ ಇನ್ವರ್ಟರ್ ಮೇಲೆ ಮಾಮೂಲಿ ಲೋಡ್ ಓಡಲಿ. ಮೀಟರನ್ನು ಡಿಸಿಗೆ ಹಾಕಿ, ಒಂದು ಪ್ರೋಬ್ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಅದರ ಮೇಲಿನ ಕ್ಲ್ಯಾಂಪಿಗೆ. ಎರಡೂ ತಾಗಿಕೊಂಡೇ ಇರುವುದರಿಂದ ಸೊನ್ನೆ ಹತ್ತಿರ ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಕಳ್ಳ ಸಿಕ್ಕಿದ. 300 ವ್ಯಾಟಿಗೆ ಬ್ಯಾಟರಿಯಿಂದ ಸುಮಾರು 30 ಆಂಪಿಯರ್ ಹರಿಯುತ್ತದೆ. ಅಷ್ಟು ಕರೆಂಟಿಗೆ ಚೂರು ತುಕ್ಕೂ ದೊಡ್ಡ ಗೋಡೆ. ಇನ್ವರ್ಟರ್ ಬ್ಯಾಟರಿ ಖಾಲಿ ಅಂತ ತಿಳಿದು ನಿಲ್ಲುತ್ತದೆ, ಬ್ಯಾಟರಿಯಲ್ಲಿ ಮಾತ್ರ ಚಾರ್ಜ್ ಹಾಗೇ ಇರುತ್ತದೆ. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಮೈನಸ್ ಕೇಬಲ್ ಮೊದಲು ಬಿಚ್ಚಿ. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿದು, ಪೆಟ್ರೋಲಿಯಂ ಜೆಲ್ಲಿ ಸವರಿ. ಸೋಡಾ ನೀರು ಸೆಲ್ಲಿನೊಳಗೆ ಹೋಗದಂತೆ ಮುಚ್ಚಳ ಹಾಕಿರಬೇಕು.

ಟರ್ಮಿನಲ್ ಸರಿ ಇದ್ದರೆ ಸೆಲ್ ನೋಡಬೇಕು. ರಾತ್ರಿಯಿಡೀ ಚಾರ್ಜ್ ಮಾಡಿ, ಒಂದೆರಡು ಗಂಟೆ ಲೋಡ್ ಇಲ್ಲದೆ ಬಿಟ್ಟು ಅಳೆಯಿರಿ. 12.7 ಹತ್ತಿರ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. 10.5 ಹತ್ತಿರ ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಆರು ಸೆಲ್‌ಗಳಲ್ಲಿ ಒಂದೊಂದೂ ಎರಡು ವೋಲ್ಟಿಗಿಂತ ಚೂರು ಜಾಸ್ತಿ ಕೊಡುತ್ತದೆ, ಒಂದು ಹೋದರೆ ಅಷ್ಟು ಕಡಿಮೆ.

ವೋಲ್ಟ್ ಸರಿ ಇದೆ ಅಂತ ಸುಮ್ಮನಾಗಬೇಡಿ. ಮುಪ್ಪಾದ ಬ್ಯಾಟರಿ ಲೋಡ್ ಇಲ್ಲದಾಗ 12.7 ತೋರಿಸಿ, ಲೋಡ್ ಹಾಕಿದ ಹತ್ತು ನಿಮಿಷಕ್ಕೆ 11ಕ್ಕೆ ಇಳಿಯುತ್ತದೆ. ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲಿನ ಗ್ರಾವಿಟಿ (ಆ್ಯಸಿಡ್ಡಿನ ಸಾಂದ್ರತೆ) ಬರೆದುಕೊಳ್ಳಿ. ನಮ್ಮ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಗಳು ತುಂಬಿದಾಗ 1240ರ ಆಸುಪಾಸು ಇರುತ್ತವೆ. 1180 ಅಂದರೆ ಅರ್ಧಂಬರ್ಧ. ಐದು ಸೆಲ್ 1230, ಒಂದು 1150 ಇದ್ದರೆ ಆ ಒಂದೇ ಸೆಲ್ ಇಡೀ ಬ್ಯಾಟರಿಯನ್ನು ಎಳೆದುಹಾಕುತ್ತಿದೆ. ಲೋಡ್ ಓಡುವಾಗ ಅದೇ ಸೆಲ್ಲಿನಲ್ಲಿ ಗುಳ್ಳೆ ಏಳುತ್ತಿದ್ದರೆ ಅನುಮಾನವೇ ಬೇಡ, ಹೋಗಿದೆ. ಆರೂ ಒಂದೇ ಸಮನೆ 1180ರಲ್ಲಿ ನಿಂತಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಚಾರ್ಜ್ ಸಾಲದಾಗಿದೆ. ಚಾರ್ಜ್ ಆಗುವಾಗ ಟರ್ಮಿನಲ್ಲಿನಲ್ಲಿ ಕೊನೆಗೆ 14 ವೋಲ್ಟ್ ದಾಟುತ್ತದಾ ನೋಡಿ. ದಾಟದಿದ್ದರೆ ಚಾರ್ಜರ್, ಇಲ್ಲವೇ ಮತ್ತದೇ ಲೋ ವೋಲ್ಟೇಜ್. 15ಕ್ಕೂ ಮೇಲೆ ಹೋಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಇನ್ವರ್ಟರ್ ಜೊತೆಗೆ ಮನೆಯ ಮೇನನ್ನೂ ಆಫ್ ಮಾಡಿ, ಕಿಟಕಿ ತೆರೆದು, ಆಚೆ ಬನ್ನಿ.

ನೀರಿನ ವಿಷಯಕ್ಕೆ ಜಗಳ ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ಗ್ರಾವಿಟಿ ಕಡಿಮೆ ಅಂತ ಆ್ಯಸಿಡ್ ಸುರಿಯುವ ಬುದ್ಧಿವಂತಿಕೆ ಪ್ಲೇಟುಗಳನ್ನೇ ತಿನ್ನುತ್ತದೆ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಗುರುತಿನವರೆಗೆ ತುಂಬಿಸುವುದು ಚಾರ್ಜ್ ಆದ ಮೇಲೆ.

ಕಂಪ್ಯೂಟರಿನ ಚಿಕ್ಕ ಯುಪಿಎಸ್ ಬಗ್ಗೆ ಹೇಳುವುದು ಕಡಿಮೆ. ಹೆಚ್ಚಿನವುಗಳ ಒಳಗೆ 12 ವೋಲ್ಟ್, 7 ಆಂಪಿಯರ್ ಅವರ್ ಸೀಲ್ಡ್ ಬ್ಯಾಟರಿ ಇರುತ್ತದೆ. ಅದನ್ನು ತೆಗೆದು ಕಾರಿನ ಹೆಡ್‌ಲೈಟ್ ಬಲ್ಬ್ ಹಚ್ಚಿ ಅಳೆಯಿರಿ. ಕ್ಷಣದಲ್ಲೇ 10ಕ್ಕೆ ಕುಸಿದರೆ ಅಥವಾ ಹೊಟ್ಟೆ ಉಬ್ಬಿದ್ದರೆ ಬದಲಿಸಿ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ.

ಹೊರಗಿನ ಲೈನಿನದ್ದೇ ತಪ್ಪು ಅಂತ ಸಾಬೀತಾದವರು 1912ಕ್ಕೆ ದೂರು ಕೊಡುವಾಗ ಲೋ ವೋಲ್ಟೇಜ್ ಅಂತಷ್ಟೇ ಹೇಳಬೇಡಿ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್, ಮೂರು ಹೊತ್ತು ಬರೆದಿಟ್ಟ ವೋಲ್ಟೇಜ್, ಮೀಟರ್ ಬೋರ್ಡಿನಲ್ಲಿ ಲೋಡ್ ಹಾಕಿದಾಗ ಬಂದ ಅಂಕಿ ಕೊಡಿ, ದೂರಿನ ನಂಬರ್ ಕೇಳಿ ಪಡೆಯಿರಿ. ಲೈನ್‌ಮ್ಯಾನ್ ಬಂದಾಗ ಮೂರೂ ಫೇಸಿನ ವೋಲ್ಟೇಜ್ ಅಳೆಯಲು ಕೇಳಿಕೊಳ್ಳಿ. ಒಂದು ಫೇಸಿನಲ್ಲಿ 175, ಇನ್ನೊಂದರಲ್ಲಿ 225 ಇದ್ದರೆ ನಿಮ್ಮ ಸರ್ವಿಸನ್ನು ಹಗುರವಾದ ಫೇಸಿಗೆ ಬದಲಿಸಿಕೊಡಬಹುದು. ಮೂರೂ ಕೆಳಗೇ ಇದ್ದರೆ ಟಿಸಿಗೆ ಲೋಡ್ ಜಾಸ್ತಿಯಾಗಿರಬಹುದು. ಆಗ ಒಬ್ಬರೇ ಹೋಗುವುದಕ್ಕಿಂತ ಅದೇ ಟಿಸಿಯ ಕೆಳಗಿನ ಮನೆಯವರೆಲ್ಲ ಸಹಿ ಹಾಕಿ, ಎಲ್ಲರ ಆರ್‌ಆರ್ ನಂಬರ್ ಬರೆದು, ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.